ಹಾಲುಗಲ್ಲಿಗೆ ಕೆನ್ನೆಯಿಟ್ಟು

ನಮ್ಮತ್ತೆಯವರ ಎಡಗೆನ್ನೆಯಲ್ಲಿ ಬೆಳಗಿನ ಹೊತ್ತು ಯಾವಾಗಲೂ ಸ್ವಲ್ಪ ಬಿಳಿಪುಡಿ ಅಂಟಿರುತ್ತಿತ್ತು. ಅಡುಗೆಮನೆಯ ಕಿಟಕಿಯ ಕೆಳಗಿನ ಕಟ್ಟೆಗೆ ಹಾಲುಗಲ್ಲು, ಅಂದರೆ ಅಮೃತಶಿಲೆ, ಹಾಸಿತ್ತು. ಅದಕ್ಕೆ ಕೆನ್ನೆಯೊರಗಿಸಿ, ಒಂದು ಕಣ್ಣು ಮುಚ್ಚಿ, ಬೆಳಕು ಬರುವ ಕಡೆಗೆ ನೋಡುತ್ತಿದ್ದರು. ಕಲೆಯಿದ್ದಲ್ಲಿ ಬೆಳಕು ತಡವರಿಸುತ್ತದಂತೆ. ಹೊರಗಿನ ಹೊಂಗೆಮರ ಕಲ್ಲಿನೊಳಗೆ ತಲೆಕೆಳಗಾಗಿ ತೂಗುತ್ತಿದ್ದರೆ, ಅತ್ತೆ ಕೊಳದ ದಂಡೆಯಲ್ಲಿ ಮಲಗಿ ನೀರಿನ ಮಾತು ಕೇಳುತ್ತಿದ್ದಾರೇನೋ ಅನ್ನಿಸುತ್ತಿತ್ತು.

ಚನ್ನಪಟ್ಟಣದಲ್ಲಿ ಮಾವನವರದು ರೇಷ್ಮೆಗೂಡಿನ ವ್ಯಾಪಾರ. ಬೆಂಗಳೂರಿನ ಬಿಳಿಯ ದೊರೆಯೊಬ್ಬನ ಬಂಗಲೆಯ ಹರಾಜಿನಲ್ಲಿ ಆ ಕಲ್ಲನ್ನು ಕೊಂಡು, ಹುಲ್ಲು ಸುತ್ತಿ, ರೈಲಿನಲ್ಲಿ ತಂದಿದ್ದರು. ಅವರಿಗೆ ಕಲ್ಲಿನ ಹೆಮ್ಮೆ. ಅತ್ತೆಯವರಿಗೆ ತಮ್ಮ ಕಣ್ಣಿನ ಹೆಮ್ಮೆ. ದೀಪ ಹಚ್ಚುವ ಹೊತ್ತಿನಲ್ಲೂ ಸೂಜಿಗೆ ಒಂದೇ ಸಲಕ್ಕೆ ದಾರ ಪೋಣಿಸಿ ನಮ್ಮ ಕುಪ್ಪಸ ಹೊಲಿಯುತ್ತಿದ್ದರು.

ಕಲ್ಲಿನ ಮೇಲೆ ಎಣ್ಣೆ ಬಿದ್ದರೆ ಸೀಮೆಸುಣ್ಣದ ಪುಡಿಯನ್ನು ದೋಸೆಹಿಟ್ಟಿನ ಹದಕ್ಕೆ ಕಲಸಿ ಮೆತ್ತಿ, ಒದ್ದೆ ಬಟ್ಟೆ ಮುಚ್ಚುತ್ತಿದ್ದರು. "ಉಜ್ಜಬ್ಯಾಡ ಕಣವ್ವ. ಕುಡ್ದಿದ್ದ ಅದೇ ಕಕ್ತದೆ, ಒಸಿ ಬುಟ್ಬುಡು." ಮರುದಿನ ಬಟ್ಟೆ ತೆಗೆದು ಒಣಗಲು ಬಿಟ್ಟರೆ, ಹಿಟ್ಟು ಎಣ್ಣೆಯನ್ನೂ ಎಳೆದುಕೊಂಡು ಹಪ್ಪಳದಂತೆ ಏಳುತ್ತಿತ್ತು.

ನನ್ನ ಓರಗಿತ್ತಿ ಉಯ್ಯಂಬಳ್ಳಿಯಿಂದ ಮದುವೆಯಾಗಿ ಬಂದ ಹೊಸತು. ಮಾವ ಗೂಡು ತರಲು ಎತ್ತಿನ ಗಾಡಿ ಕಟ್ಟಿಕೊಂಡು ಸಾತನೂರಿಗೆ ಹೋಗಿದ್ದರು. ಅರಿಸಿನದ ಬಟ್ಟಲಿಟ್ಟ ಜಾಗದಲ್ಲಿ ಹಳದಿ ಬಳೆಯಂಥ ಕಲೆ ಕಂಡು, ಹುಡುಗಿ ತೌರಿನಲ್ಲಿ ಹಿತ್ತಾಳೆ ತಂಬಿಗೆ ಬೆಳಗುತ್ತಿದ್ದ ಹಾಗೇ ಹುಣಸೆಹಣ್ಣು, ಉಪ್ಪು ಹಾಕಿ ಕೈ ಸೋಲುವವರೆಗೆ ಉಜ್ಜಿದಳು. ಹುಳಿ ಆ ಕಲ್ಲನ್ನು ತಿನ್ನುತ್ತದೆಂದು ಅವಳಿಗೇನು ಗೊತ್ತು? ಹಳದಿಯ ಜೊತೆಗೆ ಹೊಳಪೂ ಹೋಯಿತು. ಮೊರದಗಲ ಜಾಗ ಪೊರೆ ಬಂದ ಕಣ್ಣಿನಂತಾಯಿತು.

"ಮಾವ ನನ್ನ ತೌರ್ಗೆ ಅಟ್ಬುಡ್ತಾರೆ ಅಕ್ಕ" ಎಂದು ನನ್ನ ಸೆರಗು ಹಿಡಿದು ಅತ್ತಳು. ಹಳ್ಳಿ ಹೆಣ್ಣೆಂದು ಮಾವ ಮದುವೆಯಲ್ಲೇ ಮೂಗು ಮುರಿದಿದ್ದರು. ಅವಳ ಹೆದರಿಕೆ ಸುಳ್ಳಲ್ಲ.

ಅತ್ತೆ ಕಲ್ಲಿಗೆ ಕೆನ್ನೆಯಿಟ್ಟು ಬಹಳ ಹೊತ್ತು ನೋಡಿದರು. ಪಕ್ಕದ ಬೊಂಬೆ ಮಾಡುವ ಸಾಬರ ಮನೆಯಿಂದ ಬೊಂಬೆಗೆ ಮೆರುಗು ಕೊಡುವ ಕೇದಗೆ ಗರಿ ತರಿಸಿ ತೀಡಿದರು. ಹೊಳಪು ಬರಲಿಲ್ಲ. ಸಂಜೆ ಮಾವ ಬಂದವರೇ ಕಟ್ಟೆಯ ಮುಂದೆ ನಿಂತರು.

"ಯಾರೇ ಮಾಡಿದ್ದು ಇದ?"

"ನಾನೇ ಕಣೇಳಿ" ಎಂದರು ಅತ್ತೆ. "ಕಣ್ಣು ಮಂಜಾಗ್ಬುಟ್ಟದೆ. ಹಿತ್ತಾಳೆ ಪರಾತ ಅಂತ ತಿಕ್ಬುಟ್ಟೆ."

ಮಾವನವರ ದನಿ ಇಳಿಯಿತು. "ಕಲ್ಲು ಹಾಳಾಗೋಗ್ಲಿ. ನಿಂಗ್ಯಾವಾಗಿಂದ ಹಿಂಗೆ?"

ಅಂದಿನಿಂದ ಮಾವ ಅಡುಗೆಮನೆಯಲ್ಲಿ ಕೂತು ಅಕ್ಕಿ ಆರಿಸತೊಡಗಿದರು. "ನೀ ಸುಮ್ಕಿರು, ನೀ ಆರ್ಸುದ್ರೆ ನಾವೆಲ್ಲ ಕಲ್ಲು ತಿನ್ಬೇಕಾಯ್ತದೆ." ಅತ್ತೆಯ ಸೂಜಿ ಅವರೆದುರು ನಿಂತೇಹೋಯಿತು. ಮಾವ ಸಾತನೂರಿಗೆ ಹೊರಟರೆ ಮಾತ್ರ ಸೂಜಿಯ ಡಬ್ಬಿ ಹೊರಬರುತ್ತಿತ್ತು. ನಾವಿಬ್ಬರು ಸೊಸೆಯರು ಬಾಗಿಲಲ್ಲಿ ಕಾವಲು.

ಓರಗಿತ್ತಿಗೆ ಮಗುವಾದ ಮೇಲೆ ಕೇಳಿದೆ: "ಇನ್ನಾದ್ರೂ ಮಾವಂಗೆ ನಿಜ ಯೋಳ್ಬುಡಿ ಅತ್ತೆ, ಈಗ್ಯಾರೂ ಅವಳ್ನ ಅಟ್ಟಕ್ಕಿಲ್ಲ."

ಅತ್ತೆ ಹುಡುಗಿಯಂತೆ ನಕ್ಕರು. "ಬುಡವ್ವ. ಕೈ ಹಿಡ್ದು ಮೆಟ್ಲು ಇಳಿಸ್ತಾರೆ. ಧಾರೇಲಿ ಹಿಡ್ದಿದ್ದು, ಆಮ್ಯಾಕೆ ಇವಾಗ್ಲೇಯ."

ಒಂದು ಬೇಸಗೆ ಅತ್ತೆ ಹೋದರು. ತಿಥಿ ಕಳೆದ ಮೇಲೆ ಮಾವ ನನ್ನ ಓರಗಿತ್ತಿಯನ್ನು ಕರೆದು ಸೂಜಿಯ ಡಬ್ಬಿ ಕೊಟ್ಟರು.

"ತಗೋ ಕಣವ್ವ. ನಿಮ್ಮತ್ತೆ ನಾನಿಲ್ದಾಗೆಲ್ಲ ಹೊಲೀತಿದ್ಲು. ಅದ್ಕೇಯ, ಬೀದಿ ಕೊನೇಲೇ ಎತ್ತಿನ ಗಂಟೆ ಅಲ್ಲಾಡ್ಸ್ಕಂಡು ಬತ್ತಿದ್ದೆ."

ಓರಗಿತ್ತಿ ಡಬ್ಬಿಯನ್ನು ಎದೆಗೊತ್ತಿಕೊಂಡು ಒಳಗೆ ಓಡಿದಳು. ನಾನು ಹಿಂದೆ ಹೋಗಿ ನೋಡಿದರೆ, ಆ ಮಂಕಾದ ಜಾಗಕ್ಕೇ ಕೆನ್ನೆಯಿಟ್ಟು ನಿಂತಿದ್ದಳು.