ಏಳನೇ ಹಾಡಿನ ಹಾರ್ಮೋನಿಯಂ

ಕಳೆದ ತಿಂಗಳು ನಾನು ಒಬ್ಬ ಹಿರಿಯರನ್ನು ನಮ್ಮ ವಾಟ್ಸಾಪ್ ಗ್ರೂಪಿನಿಂದ ಓಡಿಸಿದೆ. ಬೈದು ಅಲ್ಲ. ಜಗಳವಾಡಿಯೂ ಅಲ್ಲ. ಒಂದು ಜೋಕು ಮಾಡಿ.

ಗ್ರೂಪು ಎಂದರೆ ‘ಕೂರಿಗಿ’ ಬ್ಯಾಂಡಿನ ಅಭಿಮಾನಿಗಳದು. ಹುಬ್ಬಳ್ಳಿಯ ನಾಲ್ಕು ಹುಡುಗರು, ಒಬ್ಬ ಹುಡುಗಿ ಸೇರಿ ಕಟ್ಟಿದ ಬ್ಯಾಂಡು. ನಮ್ಮ ಮಾತಿನಲ್ಲೇ ಹಾಡು ಬರೆದು ಗಿಟಾರು, ಡ್ರಮ್ಮು ಹಚ್ಚಿ ಹಾಡುತ್ತಾರೆ. ಗ್ರೂಪಿನಲ್ಲಿ ನವಲಗುಂದದವರಿದ್ದಾರೆ, ಅಳ್ನಾವರದವರಿದ್ದಾರೆ. ಅಡ್ಮಿನ್ ನಮ್ಮ ಸಂಶಿಯ ನಿಂಗರಾಜ. ಹಿಟ್ಟಿನ ಗಿರಣಿ ಅವನದು. ಗಿರಣಿಯ ಸದ್ದನ್ನೂ ಮೀರಿ ಇವರ ಹಾಡು ಹಾಕುತ್ತಾನೆ. ಇನ್ನು ನಾನು, ಸಂಶಿಯಿಂದ ದಿನಾ ಬಸ್ಸು ಹಿಡಿದು ಕುಂದಗೋಳಕ್ಕೆ ಹೋಗಿ ಗಣಿತ ಕಲಿಸುವ ಟೀಚರ್. (ಹೌದು, ನಲವತ್ತೆಂಟನೇ ವಯಸ್ಸಿನಲ್ಲಿ ಫ್ಯಾನ್. ನಗಬೇಡಿ.)

ಈ ಸಲ ಕೂರಿಗಿಯವರು ಹೊಸದೊಂದು ಮಾಡಿದರು. ನಮ್ಮ ಸುತ್ತಲ ಊರುಗಳ ಎಂಟು ಮಂದಿ ಹಿರಿಯ ವಾದ್ಯಗಾರರನ್ನು ಹುಡುಕಿ, ಒಬ್ಬೊಬ್ಬರ ಜೊತೆ ಒಂದೊಂದು ಹಾಡು ಕಟ್ಟಿದರು. ಆಲ್ಬಮ್ಮಿನ ಹೆಸರು ‘ಜೋಡು’. ಫೋನಿನಲ್ಲಿ ಬಂತು, ಜೊತೆಗೆ ವಿನೈಲ್‌ನಲ್ಲೂ ಬಂತು. ಅದೇ ನಮ್ಮ ಹಿರಿಯರ ಕಾಲದ ಗ್ರಾಮಾಫೋನ್ ಪ್ಲೇಟು. ಅದರಲ್ಲೂ ಎರಡು ಎಡಿಷನ್. ಒಂದು ಮಾಮೂಲಿ ಕಪ್ಪು, ಇನ್ನೊಂದು ಕುಸುಬಿ ಹೂವಿನ ಬಣ್ಣ.

ಗ್ರೂಪಿನಲ್ಲಿ ಮೂರು ದಿನ ಇದೇ ಚರ್ಚೆ. ಕಪ್ಪು ತಗೋಬೇಕೋ, ಕುಸುಬಿ ತಗೋಬೇಕೋ? ಕಪ್ಪಿನಲ್ಲಿ ಸೌಂಡು ಚಲೋ ಬರುತ್ತದೆ ಎಂದು ಒಬ್ಬ. ಖರೆ ಫ್ಯಾನ್ ಆದವನು ಕುಸುಬಿಯನ್ನೇ ತಗೊಳ್ಳುತ್ತಾನೆ ಎಂದು ಇನ್ನೊಬ್ಬ. ಕೊನೆಗೆ ಅಳ್ನಾವರದ ಒಬ್ಬಳು ಕೇಳಿದಳು, ‘ಎಲ್ಲಾ ಖರೆ, ಪ್ಲೇಯರ್ ಯಾರ ಮನ್ಯಾಗ ಐತ್ರಿ?’

ಯಾರ ಮನೆಯಲ್ಲೂ ಇರಲಿಲ್ಲ!

ಆದರೂ ತರಿಸಿದೆವು. ನಿಂಗರಾಜ ತನ್ನ ಕಪ್ಪು ಪ್ಲೇಟನ್ನು ಗಿರಣಿಯ ಗೋಡೆಗೆ ತೂಗುಹಾಕಿದ. ಎರಡೇ ದಿನದಲ್ಲಿ ಅದು ಜೋಳದ ಹಿಟ್ಟು ಕೂತು ಬೆಳ್ಳಗಾಯಿತು. ನನ್ನ ಕುಸುಬಿ ಬಣ್ಣದ್ದು ಪ್ಲಾಸ್ಟಿಕ್ ಹೊದಿಕೆಯನ್ನೂ ಬಿಚ್ಚಿಸಿಕೊಳ್ಳದೆ ಪುಸ್ತಕದ ಕಪಾಟಿನಲ್ಲಿ ನಿಂತಿತು. ಬಂದವರಿಗೆಲ್ಲ ತೋರಿಸಿದೆ. ಹಾಡು ಮಾತ್ರ ಬಸ್ಸಿನಲ್ಲಿ, ಅಗ್ಗದ ಇಯರ್‌ಫೋನಿನಲ್ಲಿ ಕೇಳಿದೆ.

ಆರು ಹಾಡು ಅಗದಿ ಹಿಡಿಸಿದವು. ಏಳನೆಯದು ಶುರುವಾಯಿತು. ಹಾರ್ಮೋನಿಯಂ ಹಾಡಿನ ಹಿಂದೆ ಹಿಂದೆಯೇ ಉಳಿಯುತ್ತಿತ್ತು. ಮುಂದೆ ಒಂದು ಕಡೆ ಮುಗ್ಗರಿಸಿತು ಕೂಡ. ಬಸ್ಸು ಕುಂದಗೋಳ ಸ್ಟ್ಯಾಂಡು ಮುಟ್ಟುವುದರೊಳಗೆ ನಾನು ಗ್ರೂಪಿನಲ್ಲಿ ಬರೆದಾಗಿತ್ತು.

‘ಏಳನೇ ಹಾಡು ಕೇಳಿದ್ರೇನು? ಅಜ್ಜಗ ನುಡಸ್ತಾ ನುಡಸ್ತಾ ನಿದ್ದಿ ಹತ್ತೇತಿ. ಯಾರರೆ ಹಾಸಗಿ ಹಾಸಿ ಕೊಡ್ರಿ.’

ನಗುವ ಮುಖಗಳು ಸಾಲುಗಟ್ಟಿ ಬಂದವು. ಸುಳ್ಳೇಕೆ ಹೇಳಲಿ? ಖುಷಿಯಾಯಿತು. ಮೂರನೇ ಪೀರಿಯಡ್ ಮುಗಿಸಿ ಸ್ಟಾಫ್ ರೂಮಿಗೆ ಬಂದು ನೋಡಿದರೆ ಕೊನೆಯಲ್ಲಿ ಒಂದು ಸಾಲು. ‘ಗುರುಪಾದಪ್ಪ ಲೆಫ್ಟ್.’

ಯಾರಿವರು? ಒಮ್ಮೆಯೂ ಮಾತಾಡಿದವರಲ್ಲ. ಅಷ್ಟರಲ್ಲಿ ನಿಂಗರಾಜನ ಫೋನು.

‘ಅಕ್ಕಾರ, ಏನ್ ಮಾಡಿದ್ರಿ? ಏಳನೇ ಹಾಡಿಗೆ ಹಾರ್ಮೋನಿಯಂ ಪೆಟ್ಟಿ ನುಡಿಸಿದಾವ್ರು ಅವರಽರಿ.’

‘ಅವರು ನಮ್ಮ ಗ್ರೂಪಿನ್ಯಾಗ ಯಾಕಿದ್ರೋ?’

‘ನಾನಽ ಹಾಕಿದ್ದೆ. ಮಂದಿ ಹೊಗಳೂದು ನೋಡಿ ಖುಷಿ ಪಡಲಿ ಅಂತ.’

ನಿಂಗರಾಜ ಇನ್ನೂ ಒಂದು ಹೇಳಿದ. ಮುಂದಿನ ರವಿವಾರ ಅಣ್ಣಿಗೇರಿಯಲ್ಲಿ ಆಲ್ಬಮ್ಮಿನ ಕಾರ್ಯಕ್ರಮ. ಎಂಟೂ ಮಂದಿ ಹಿರಿಯರು ವೇದಿಕೆ ಮೇಲೆ ಕೂಡುವವರಿದ್ದರು. ಗುರುಪಾದಪ್ಪನವರು ಈಗಷ್ಟೇ ಬ್ಯಾಂಡಿನವರಿಗೆ ಫೋನ್ ಮಾಡಿ, ತಾವು ಬರುವುದಿಲ್ಲ ಎಂದಿದ್ದರು.

ಅವರ ಮನೆ ಎಲ್ಲಿ? ಕುಂದಗೋಳದಲ್ಲೇ! ನನ್ನ ಶಾಲೆಯಿಂದ ಹತ್ತು ನಿಮಿಷದ ನಡಿಗೆ. ಫೋನಿನಲ್ಲಿ ಸಾರಿ ಎಂದು ಟೈಪ್ ಮಾಡಿದೆ, ಅಳಿಸಿದೆ. ಮತ್ತೆ ಟೈಪ್ ಮಾಡಿದೆ, ಮತ್ತೆ ಅಳಿಸಿದೆ. ಮರುದಿನ ಕುಸುಬಿ ಬಣ್ಣದ ಪ್ಲೇಟನ್ನು ಚೀಲದಲ್ಲಿ ಹಾಕಿಕೊಂಡು, ಶಾಲೆ ಬಿಟ್ಟ ಮೇಲೆ ನಡೆದುಕೊಂಡು ಹೋದೆ. ಪ್ಲೇಟು ಯಾಕೆ ಎಂದು ಕೇಳಬೇಡಿ. ಖಾಲಿ ಕೈಯಲ್ಲಿ ಹೋಗಲು ಧೈರ್ಯವಿರಲಿಲ್ಲ, ಅಷ್ಟೇ.

ಬಾಗಿಲು ತೆರೆದವರು ಅವರ ಹೆಂಡತಿ ಶಾಂತವ್ವ. ಬ್ಯಾಂಡಿನ ಅಭಿಮಾನಿ ಎಂದೆ. ಒಳಗೆ ಕರೆದು, ದನಿ ತಗ್ಗಿಸಿ ಹೇಳಿದರು, ‘ಚಲೋ ಆತು ಬಂದ್ರಿ. ನಿನ್ನಿಯಿಂದ ಪೆಟ್ಟಿ ಮುಟ್ಟಿಲ್ಲ. ಏನಾತು ಅಂದ್ರ ಬಾಯಿ ಬಿಡವಲ್ರು.’

ಗುರುಪಾದಪ್ಪ ಕಾಟಿನ ಮೇಲೆ ಕೂತಿದ್ದರು. ಎಪ್ಪತ್ತು ದಾಟಿದ ತೆಳ್ಳನೆಯ ಆಳು. ರೈಲ್ವೆ ಗೇಟು ಹಾಕಿ ತೆಗೆಯುವ ಕೆಲಸದಲ್ಲಿದ್ದು ನಿವೃತ್ತರಾದವರು. ಗೇಟಿನ ಬಾಜೂದ ಕೋಣೆಯಲ್ಲೇ, ಎರಡು ಗಾಡಿಗಳ ನಡುವಿನ ಬಿಡುವಿನಲ್ಲಿ, ಹಾರ್ಮೋನಿಯಂ ಕಲಿತರಂತೆ. ನಾನು ಹೆಸರು ಹೇಳಿದೆ. ಬರೆದದ್ದು ನಾನೇ ಎಂದೂ ಹೇಳಿದೆ.

ಅವರು ಬೈಯಲಿಲ್ಲ. ತಮ್ಮ ಫೋನು ತೆಗೆದು ನನ್ನ ಕೈಗೆ ಕೊಟ್ಟರು.

‘ಸಣ್ಣ ಅಕ್ಷರ ನನಗ ಸರಿ ಕಾಣಂಗಿಲ್ರಿ, ನಾ ತಪ್ಪು ಓದೀನೇನೋ. ಏನ್ ಬರದೀರಿ, ಒಮ್ಮಿ ಓದಿ ಹೇಳ್ರಿ.’

ಓದಬೇಕಾಯಿತು. ಇಪ್ಪತ್ತೈದು ವರ್ಷದಿಂದ ಮಕ್ಕಳ ಕೈಯಲ್ಲಿ ಗಟ್ಟಿಯಾಗಿ ಲೆಕ್ಕ ಓದಿಸುತ್ತ ಬಂದವಳು ನಾನು. ಆ ಎರಡು ಸಾಲನ್ನು ತಡವರಿಸುತ್ತ ಓದಿದೆ. ಗಂಡನನ್ನು ನೋಡಿ ನನ್ನನ್ನು ನೋಡಿದ ಶಾಂತವ್ವ ಒಳಗೆ ಹೋದರು.

‘ಹಾಡು ಪೂರಾ ಕೇಳೀರೇನು?’ ಎಂದರು ಗುರುಪಾದಪ್ಪ.

‘ಕೇಳೇನ್ರಿ ಕಾಕಾ. ಫೋನಿನ್ಯಾಗ.’

‘ಫೋನಿನ್ಯಾಗ ಪೂರಾ ಇಲ್ರಿ. ಪೂರಾ ಪ್ಲೇಟಿನ್ಯಾಗ ಐತಿ.’

ಚೀಲದಿಂದ ಪ್ಲೇಟು ತೆಗೆದೆ. ಬಿಚ್ಚದ ಪ್ಲಾಸ್ಟಿಕ್ಕನ್ನು ಅವರು ನೋಡಿದರು. ಮೂಲೆಯಲ್ಲಿ ಬಟ್ಟೆ ಮುಚ್ಚಿದ ಹಳೆಯ ರೆಕಾರ್ಡ್ ಪ್ಲೇಯರ್ ಇತ್ತು. ದೊಡ್ಡ ದೊಡ್ಡ ಗಾಯಕರಿಗೆ ಸಾಥ್ ಮಾಡುವವರ ಕೈಚಳಕವನ್ನು ಅದರಲ್ಲೇ ಕೇಳಿ ಕೇಳಿ ಕಲಿತವರಂತೆ. ಪ್ಲಾಸ್ಟಿಕ್ ಹರಿದು, ಪ್ಲೇಟನ್ನು ಅಂಚಿನಲ್ಲಿ ಹಿಡಿದು ಇಟ್ಟರು. ಸೂಜಿಯನ್ನು ಏಳನೇ ಹಾಡಿಗೇ ಸರಿಯಾಗಿ ಇಳಿಸಿದರು.

ಮೊದಲು ಹಾರ್ಮೋನಿಯಂ ಒಂದೇ. ಎರಡು ನಿಮಿಷ. ಫೋನಿನಲ್ಲಿ ಇದನ್ನು ಕತ್ತರಿಸಿಬಿಟ್ಟಿದ್ದರು. ಆಮೇಲೆ ಬ್ಯಾಂಡಿನಲ್ಲಿ ಹಾಡುವ ಹುಡುಗನ ದನಿ ಬಂತು. ಅವನು ಒಂದು ಸಾಲು ಹಾಡಿ ಉಸಿರು ತೆಗೆದುಕೊಳ್ಳುವಲ್ಲಿ ಹಾರ್ಮೋನಿಯಂ ನಿಲ್ಲುತ್ತಿತ್ತು. ಅವನು ಹೊರಟ ಮೇಲೆ ಹೊರಡುತ್ತಿತ್ತು. ಬಸ್ಸಿನಲ್ಲಿ ನನಗೆ ನಿದ್ದೆಯಂತೆ ಕೇಳಿದ್ದು ಇದೇ.

‘ಮೂವತ್ತ ವರ್ಷ ಗೇಟಿನ್ಯಾಗ ಕುಂತಾಂವ್ ನಾ,’ ಎಂದರು ಅವರು. ‘ಕಾಯೂದು ಗೊತ್ತೈತಿ. ಹುಡುಗ ಹಾಡಾಂವ. ಅವನ ಮುಂದ ನಾ ಓಡಬಾರ್ದು.’

ಹಾಡು ಮುಂದುವರಿಯಿತು. ಆರನೇ ನಿಮಿಷದ ಹೊತ್ತಿಗೆ ಅದೇ ಮುಗ್ಗರಿಕೆ ಬಂತು. ಪೂರ್ತಿ ಕೇಳಿದರೂ ಮುಗ್ಗರಿಕೆ ಮುಗ್ಗರಿಕೆಯೇ. ಈಗೇನು ಮಾಡಲಿ? ಕ್ಷಮೆ ಕೇಳಲು ಬಂದವಳು ಎಲ್ಲ ಚೆನ್ನಾಗಿದೆ ಎಂದು ಎದ್ದು ಬರಬಹುದಿತ್ತು. ಅವರು ನನ್ನ ಮುಖವನ್ನೇ ನೋಡುತ್ತಿದ್ದರು.

‘ಕಾಕಾ, ಈಗ ಒಂದು ಕಡೆ...’ ಎಂದೆ.

ತಟ್ಟನೆ ಸೂಜಿ ಎತ್ತಿದರು. ಸಿಟ್ಟು ಬಂತೇನೋ ಅಂದುಕೊಂಡೆ. ಮುಖ ಅರಳಿತ್ತು!

‘ಕೇಳಿಸ್ತೇನು? ಅಲ್ಲಿ ಬೆರಳು ಜಾರೈತ್ರಿ. ಮತ್ತೊಮ್ಮಿ ನುಡಸ್ತೀನಿ ಅಂತ ಹುಡುಗ್ರಿಗೆ ಹೇಳಿದೆ. ಇರಲಿ ಬಿಡಜ್ಜಾ, ಭಾಳ ಚಲೋ ಬಂದೈತಿ ಅಂದ್ರು.’ ಸೂಜಿಯನ್ನು ಅದರ ಜಾಗಕ್ಕಿಟ್ಟು ಹೇಳಿದರು, ‘ಎದುರಿಗೆ ಎಲ್ಲಾರೂ ಚಲೋ ಅಂತಾರ. ಹಿಂದ ಮಲಕೋ ಅಂತಾರ. ಕುಂತು ಮಾತಾಡಾವ್ರು ಯಾರೂ ಇಲ್ರಿ ಅಕ್ಕಾರ.’

ತಪ್ಪಾಯಿತು ಎಂದೆ. ಅದೂ ಸಣ್ಣದಾಗಿಯೇ ಕೇಳಿಸಿತು.

ಶಾಂತವ್ವ ಚಹಾ ತಂದರು. ನನ್ನ ಮುಂದೆ ಕಪ್ ಇಟ್ಟು, ‘ಬೈಯೂದಿದ್ರ ಬೈಬೇಕಿತ್ರಿ. ನಗಬಾರ್ದಿತ್ತು,’ ಎಂದರು. ಅಷ್ಟೇ ಅಂದರು. ಸಾಕಾಯಿತು.

ಹೊರಡುವಾಗ ಅಣ್ಣಿಗೇರಿಗೆ ಬರಲೇಬೇಕೆಂದು ಕೇಳಿಕೊಂಡೆ. ಗುರುಪಾದಪ್ಪ ಒಂದು ಷರತ್ತು ಹಾಕಿದರು. ನಾನು ಮುಂದಿನ ಸಾಲಿನಲ್ಲಿ ಕೂಡಬೇಕು. ಮುಗಿದ ಮೇಲೆ ಹೇಗಿತ್ತೆಂದು ಹೇಳಬೇಕು. ‘ಚಲೋ ಇತ್ತು ಅಂದು ಹೋದ್ರ ನಡಿಯಂಗಿಲ್ಲ.’

ರವಿವಾರ ಬೆಳಿಗ್ಗೆ ಹನ್ನೊಂದಕ್ಕೆ ಅಣ್ಣಿಗೇರಿಯ ಕಲ್ಯಾಣ ಮಂಟಪ ತುಂಬಿತ್ತು. ಗ್ರೂಪಿನವರೆಲ್ಲ ಬಂದಿದ್ದರು. ಗುರುಪಾದಪ್ಪ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ತಮ್ಮ ಪೆಟ್ಟಿಯನ್ನು ತಾವೇ ಹೊತ್ತು ವೇದಿಕೆ ಹತ್ತಿದರು. ಏಳನೇ ಹಾಡು ಶುರುವಾಯಿತು. ನಾನು ಆ ಮುಗ್ಗರಿಕೆಯ ಜಾಗಕ್ಕಾಗಿಯೇ ಕಾದೆ. ಬೆರಳು ನೀರಿನಂತೆ ಹರಿದುಹೋಯಿತು. ಒಂದು ತಪ್ಪೂ ಇಲ್ಲ.

ಆದರೆ ಇನ್ನೊಂದು ಆಗಿತ್ತು. ಹಾರ್ಮೋನಿಯಂ ಎಲ್ಲೂ ಕಾಯಲಿಲ್ಲ. ಹುಡುಗ ಉಸಿರು ತೆಗೆದುಕೊಳ್ಳುವ ಮೊದಲೇ ಮುಂದಿನ ಸಾಲಿಗೆ ಹೋಗಿ ನಿಂತಿರುತ್ತಿತ್ತು. ಹುಡುಗ ಅದರ ಬೆನ್ನು ಹತ್ತಿ ಓಡಿದ. ಜನಕ್ಕೆ ಅದೇ ಮೋಜೆನಿಸಿತು. ಎದ್ದು ನಿಂತು ಚಪ್ಪಾಳೆ ಹೊಡೆದರು.

ಬೆವರು ಒರೆಸಿಕೊಳ್ಳುತ್ತ ಇಳಿದು ಬಂದವರು ನೇರ ನನ್ನ ಮುಂದೆ ನಿಂತರು. ‘ಹೇಳ್ರಿ.’

‘ಬೆರಳು ಎಲ್ಲೂ ಜಾರಲಿಲ್ರಿ ಕಾಕಾ,’ ಎಂದೆ. ‘ಆದ್ರ ಅವಸರ ಮಾಡಿದ್ರಿ. ಹುಡುಗಗ ಉಸಿರು ಬಿಡಾಕ ಜಾಗಾ ಕೊಡಲಿಲ್ಲ.’

ಅವರು ತಲೆಯಾಡಿಸಿದರು. ಸಿಟ್ಟಿರಲಿಲ್ಲ.

‘ಹೌದ್ರಿ, ನನಗೂ ಗೊತ್ತಾತು. ನಿಲ್ಲಬೇಕಂದ ಕಡೆ ಎಲ್ಲಾ ನಿಮ್ಮ ಮಾತು ನೆನಪಾತು. ನಿದ್ದಿ ಹತ್ತೇತಿ ಅಂತಾರ ಅಂತ ಓಡಿದೆ.’

ಮಂಟಪದ ಹೊರಗೆ ಬಂದು ಫೋನು ತೆಗೆದರೆ ಗ್ರೂಪಿನ ತುಂಬ ಮೆಚ್ಚುಗೆಯ ಬೆಂಕಿ ಇಮೋಜಿಗಳು. ನಿಂಗರಾಜ ಬರೆದಿದ್ದ, ‘ಪ್ಲೇಟಿಗಿಂತ ಲೈವ್ ಜೋರಿತ್ತು. ಅಜ್ಜನ ಸ್ಪೀಡ್ ನೋಡಿದ್ರೇನು!’

ಆ ಸ್ಪೀಡು ಎಲ್ಲಿಂದ ಬಂತೆಂದು ನಾನು ಯಾವ ಗ್ರೂಪಿನಲ್ಲಿ ಬರೆಯಲಿ?