ಬಲತುದಿಯಿಂದ ಶುರುವಾದ ಗ್ರಾಫ್

ತಂತಿ ಸುತ್ತಿದ ಕಾಯಿಲ್ ಕಂಡರೆ ನನಗೆ ಮೊದಲಿಂದಲೂ ಆಗುವುದಿಲ್ಲ. ದಪ್ಪ, ಭಾರ, ಸಣ್ಣ ಪೆಟ್ಟಿಗೆಯಲ್ಲಿ ಕೂರುವುದಿಲ್ಲ. ಅದಕ್ಕೇ ನಾನು ಪಾಠ ಮಾಡುವ ನೌಬಾದದ ಕಾಲೇಜಿನಲ್ಲಿ, ಡಿಪ್ಲೊಮಾ ಕೊನೆಯ ವರ್ಷದ ಇಬ್ಬರು ಹುಡುಗಿಯರಿಗೆ, ಬೇಡದ ಸಿಗ್ನಲ್ ಸೋಸುವ, ಕಾಯಿಲ್ ಇರುವ ಫಿಲ್ಟರನ್ನು ಕಾಯಿಲ್ ಇಲ್ಲದೆ ಕಟ್ಟಿ ತೋರಿಸಿ ಅಂದೆ. ಒಂದೊಂದು ವೋಲ್ಟೇಜಿಗೆ, ಒಂದೊಂದು ಕರೆಂಟಿಗೆ ಒಂದು ಚುಕ್ಕಿ ಇಡಬೇಕು. ಯಾವುದರಿಂದ ಯಾವುದು ಹುಟ್ಟುತ್ತದೋ ಅತ್ತ ಒಂದು ಬಾಣ. ಆಮೇಲೆ ಬಾಣಗಳ ಕೆಲಸವನ್ನು ಸಿಗ್ನಲ್ ಕೂಡಿಸಿ ಹಿಗ್ಗಿಸುವ ಆಪ್-ಆಂಪ್ ಚಿಪ್ಪುಗಳಿಗೆ ಒಪ್ಪಿಸಿದರಾಯಿತು.

ಇಬ್ಬರಲ್ಲಿ ಮೈಲೂರಿನವಳು ಈ ಚುಕ್ಕಿ-ಬಾಣಗಳ ಗ್ರಾಫ್ ಬರೆದಳು, ಭಾಲ್ಕಿಯವಳು ಬೋರ್ಡ್ ಕಟ್ಟಿದಳು. ಪರೀಕ್ಷೆಯ ಹಿಂದಿನ ದಿನ ಮಧ್ಯಾಹ್ನ ಸಿಗ್ನಲ್ ಕೊಟ್ಟು ನೋಡಿದರೆ ಪರದೆಯ ಮೇಲೆ ಬರೀ ಸಪಾಟು ಗೆರೆ. ಪಕ್ಕದಲ್ಲಿ ಹಳೆಯ ಕಾಯಿಲ್ ಫಿಲ್ಟರ್ ನನ್ನನ್ನು ಅಣಕಿಸುವಂತೆ ಚೆನ್ನಾಗಿ ನಡೆಯುತ್ತಿತ್ತು. ಮನೆಗೆ ಹೋಗುವ ಔರಾದಿನ ಬಸ್ ತಪ್ಪಿತೆಂದು ನನಗೆ ಬೇರೆ ಸಿಟ್ಟು.

“ಗ್ರಾಫ್‌ನಾಗ ಹ್ಯಾಂಗ ಅದನೋ ಹಂಗೇ ಕಟ್ಟೀನ್ರಿ ಮ್ಯಾಡಮ್,” ಅಂದಳು ಭಾಲ್ಕಿಯವಳು.

ಹಾಗಾದರೆ ಗ್ರಾಫೇ ತಪ್ಪಿರಬೇಕು ಅಂದುಕೊಂಡೆವು. ಮೈಲೂರಿನವಳ ಮುಖ ಬಾಡಿತು. ಈ ಸಲ ಪಾಸಾದರೆ ಮುಂದೆ ಇಂಜಿನಿಯರಿಂಗ್, ಇಲ್ಲದಿದ್ದರೆ ಓದು ಇಲ್ಲಿಗೇ ಸಾಕು ಎಂದು ಅವಳ ಮನೆಯಲ್ಲಿ ಮಾತಾಗಿತ್ತು. ಅವಳು ಏನೂ ವಾದಿಸದೆ ಕರಿಹಲಗೆಯ ಮೇಲಿದ್ದ ಗ್ರಾಫನ್ನು ಅಳಿಸಿ, ಹೊಸದಾಗಿ ಬರೆಯಲು ಸೀಮೆಸುಣ್ಣ ತೆಗೆದುಕೊಂಡಳು. ಅವಳ ಕೈ ಹಲಗೆಯ ಬಲತುದಿಗೆ ಹೋಯಿತು.

“ಅಲ್ಲಿಂದ ಯಾಕವ್ವಾ?” ಅಂದೆ.

“ಉರ್ದು ಸಾಲ್ಯಾಗ ಓದಿದಾಕಿರಿ. ಕೈ ಇಲ್ಲಿಂದೇ ಸುರು ಮಾಡ್ತದರಿ.”

ನನಗೆ ಆಗ ಹೊಳೆಯಿತು. ಅವಳ ಗ್ರಾಫಿನಲ್ಲಿ ಸಿಗ್ನಲ್ ಬಲದಿಂದ ಒಳಗೆ ಬಂದು ಎಡಕ್ಕೆ ಹೊರಗೆ ಹೋಗುತ್ತಿತ್ತು. ಭಾಲ್ಕಿಯವಳು ಬೋರ್ಡನ್ನು ಸರಿಯಾಗಿಯೇ ಕಟ್ಟಿ, ಸಿಗ್ನಲ್ಲನ್ನು ಮಾತ್ರ ಅಭ್ಯಾಸಬಲದಿಂದ ಎಡಕ್ಕೆ ಕೊಟ್ಟಿದ್ದಳು. ಕಾಯಿಲ್ ಫಿಲ್ಟರಿಗೆ ಯಾವ ತುದಿಯಿಂದ ಕೊಟ್ಟರೂ ನಡೆಯುತ್ತದೆ, ಹಾಗಾಗಿ ಅಲ್ಲಿ ಯಾರಿಗೂ ಗೊತ್ತಾಗಲಿಲ್ಲ. ಆಪ್-ಆಂಪ್ ಹಾಗಲ್ಲ. ಅದು ಹಿಂದುಮುಂದಾಗಿ ಕೆಲಸ ಮಾಡುವುದಿಲ್ಲ.

ಸಿಗ್ನಲ್ ಕೊಡುವ ವೈರನ್ನೂ ಪರದೆಗೆ ಹೋಗುವ ವೈರನ್ನೂ ಅದಲುಬದಲು ಮಾಡಿದೆವು. ಪರದೆಯ ಮೇಲೆ ಅಲೆ ಎದ್ದಿತು. ಭಾಲ್ಕಿಯವಳು ಗೆಳತಿಯ ಕೈ ಹಿಡಿದುಕೊಂಡು, “ನಿಂದು ಸರಿನೇ ಇತ್ತು, ನಾನೇ ಬಾಣ ನೋಡ್ಲಿಲ್ಲ,” ಅಂದಳು.

ಆದರೂ ಮೈಲೂರಿನವಳಿಗೆ ಧೈರ್ಯ ಬರಲಿಲ್ಲ. “ನಾಳಿಗಿ ಎಡಕ್ಕಿಂದ ತಿರುಗಿಸಿ ಬರೀಲೇನ್ರಿ ಮ್ಯಾಡಮ್?” ಎಂದು ಕೇಳಿದಳು. ಸರಿಯಾಗಿ ಬರೆದವಳು ಹೀಗೆ ಕೇಳಬೇಕಾಯಿತಲ್ಲ ಎಂದು ನನಗೆ ಸಂಕಟವಾಯಿತು. ನಿನಗೆ ಹೇಗೆ ಬರುತ್ತದೋ ಹಾಗೆ ಬರಿ ಅಂದೆ.

ಮರುದಿನ ಹೊರಗಿನಿಂದ ಬಂದ ಪರೀಕ್ಷಕರು ಹಲಗೆಯ ಎಡಕ್ಕೆ ನಿಂತು ಗ್ರಾಫ್ ನೋಡತೊಡಗಿದರು. ಅವರ ಹುಬ್ಬು ಗಂಟಿಕ್ಕಿತು. ನನಗೆ ಬಾಯಿ ಹಾಕಬೇಕೆನ್ನಿಸಿತು.

ಅಷ್ಟರಲ್ಲಿ ಹಲಗೆಯ ಬಲತುದಿಯಲ್ಲಿ ನಿಂತಿದ್ದ ಮೈಲೂರಿನವಳೇ, “ಸರ್, ಈ ಕಡಿಂದ ಬರ್ರಿ,” ಅಂದಳು.

ಅವರು ಕನ್ನಡಕ ಸರಿಮಾಡಿಕೊಂಡು ಅವಳಿದ್ದ ಕಡೆಗೆ ನಡೆದುಹೋದರು.