ಐಸ್ ರಿಂಕಿನ ಬದಿಯ ಗಣಿತ

ಗಂಡನನ್ನು ಊರಿನ ಇಗರ್ಜಿಯ ಹಿಂದೆ ಮಣ್ಣು ಮಾಡಿ ನಾನು ಬಹರೈನಿಗೆ ಹಿಂತಿರುಗಿದಾಗ ಬೇಸಿಗೆ ರಜೆ ಮುಗಿದು ಶಾಲೆ ತೆರೆದಿತ್ತು. ಮನಾಮದ ಗುಫೂಲ್ ಬಡಾವಣೆಯ ಫ್ಲ್ಯಾಟಿನಲ್ಲಿ ಒಬ್ಬಳೇ ಇದ್ದೆ. ಬೆಳಿಗ್ಗೆ ಬಸ್ಸು ಹತ್ತುವುದು, ಹತ್ತನೆಯ ತರಗತಿಗೆ ಗಣಿತ ಹೇಳಿಕೊಡುವುದು, ಮಧ್ಯಾಹ್ನ ಬಂದು ಎಸಿ ಹಾಕಿ ಕುಳಿತುಬಿಡುವುದು. ಅಳು ಬರುತ್ತಿರಲಿಲ್ಲ. ಸ್ಟಾಫ್ ರೂಮಿಗೆ ನಾನು ಕಾಲಿಟ್ಟ ಕೂಡಲೇ ಮಾತು ನಿಲ್ಲುತ್ತಿತ್ತು. ಅದರಿಂದ ಬೇಸರವೂ ಆಗುತ್ತಿರಲಿಲ್ಲ.

ಆಗಲೇ ನನ್ನ ತರಗತಿಯ ಒಬ್ಬಳು ಹುಡುಗಿಯ ತಾಯಿ ನನ್ನನ್ನು ಹುಡುಕಿಕೊಂಡು ಬಂದದ್ದು. ಉಳ್ಳಾಲದ ಕಡೆಯವರು. ಅವರ ಮನೆಯಲ್ಲಿ ಬ್ಯಾರಿ, ನನ್ನ ಮನೆಯಲ್ಲಿ ಕೊಂಕಣಿ, ಹಾಗಾಗಿ ನಮ್ಮಿಬ್ಬರ ಮಾತು ಕನ್ನಡದಲ್ಲಿ. ಅವರ ಗಂಡನಿಗೆ ಮನಾಮದ ಪೇಟೆಯಲ್ಲಿ ಬಟ್ಟೆ ಅಂಗಡಿ. ಮಗಳು ಚಿಕ್ಕಂದಿನಲ್ಲಿ ಯಾರದೋ ಹುಟ್ಟುಹಬ್ಬಕ್ಕೆ ಐಸ್ ರಿಂಕಿಗೆ ಹೋದವಳು ಸ್ಕೇಟಿಂಗಿನ ಹುಚ್ಚು ಹಿಡಿಸಿಕೊಂಡಿದ್ದಳಂತೆ. ಈಗ ಕೋಚ್ ಹತ್ತಿರ ಕಲಿತು ಸ್ಪರ್ಧೆಗಳಿಗೆ ತಯಾರಾಗುತ್ತಿದ್ದಳು. ಶಾಲೆ ಬಿಟ್ಟ ಮೇಲೆ, ಸಂಜೆಯ ಜನ ಬರುವ ಮೊದಲು, ಅವಳಿಗೆ ಐಸ್ ಖಾಲಿ ಸಿಗುತ್ತಿತ್ತು. ಓದಲು ಕೂರುವ ಹೊತ್ತಿಗೆ ಕಣ್ಣು ಮುಚ್ಚುತ್ತಿತ್ತು. ಗಣಿತದಲ್ಲಿ ಫೇಲಾಗಿದ್ದಳು.

“ಪಾಸಾಗದಿದ್ರೆ ಸ್ಕೇಟಿಂಗ್ ಬಂದ್ ಅಂತ ಅವಳ ಅಪ್ಪ ಹೇಳಿ ಆಯ್ತು ಟೀಚರ್,” ಎಂದರು ತಾಯಿ. “ನೀವು ಅಲ್ಲಿಗೇ ಬಂದು ಕಲಿಸಿದ್ರೆ ಆಗ್ತದಾ? ಕಾರಲ್ಲಿ ನಾನೇ ಕರ್ಕೊಂಡು ಹೋಗ್ತೇನೆ.”

ಆಗಲಿ ಎಂದೆ. ಆಗುವುದಿಲ್ಲ ಎನ್ನಬೇಕಾದರೆ ಒಂದು ಕಾರಣ ಹುಡುಕಬೇಕಿತ್ತು.

ಹೊರಗೆ ಕಾರಿನ ಬಾಗಿಲು ಮುಟ್ಟಿದರೆ ಕೈ ಸುಡುವ ಬಿಸಿಲು. ರಿಂಕಿನ ಒಳಗೆ ಹೋದರೆ ಮೂಗಿನ ತುದಿ ತಣ್ಣಗಾಗುವ ಚಳಿ. ನಾನು ಶಾಲು ಹೊದ್ದು ಬದಿಯ ಬೆಂಚಿನಲ್ಲಿ ಕೂರುತ್ತಿದ್ದೆ. ಐಸನ್ನು ನಯಮಾಡುವ ಗಾಡಿ ಸುತ್ತು ಹಾಕುವಾಗ ಅವಳು ಹೊರಗೆ ಬರುತ್ತಿದ್ದಳು, ಆಗ ಲೆಕ್ಕ. ಆದರೆ ಅವಳ ಬೆರಳು ಮರಗಟ್ಟಿ ಪೆನ್ಸಿಲ್ ನಿಲ್ಲುತ್ತಿರಲಿಲ್ಲ. ಬರೆಯುವುದು ಬೇಡ, ಬಾಯಲ್ಲಿ ಹೇಳು, ನಾನು ಬರೆಯುತ್ತೇನೆ ಎಂದೆ. ಅದು ಅವಳಿಗೆ ಹಿಡಿಸಿತು. ಕೆಲವು ದಿನಗಳಲ್ಲಿ ಐಸಿನ ಮೇಲಿರುವಾಗಲೂ ಶುರುವಾಯಿತು. ಮೈ ಬಿಸಿ ಮಾಡಿಕೊಳ್ಳಲು ಸುತ್ತು ಬರುವಾಗ ನನ್ನ ಎದುರು ದಾಟುತ್ತಾ ಪ್ರಮೇಯದ ಒಂದು ಹೆಜ್ಜೆ ಹೇಳುವಳು. ಸರಿಯಿದ್ದರೆ ನಾನು ತಲೆಯಾಡಿಸುತ್ತಿದ್ದೆ. ಮುಂದಿನ ಸುತ್ತಿಗೆ ಇನ್ನೊಂದು ಹೆಜ್ಜೆ. ಕೋಚ್, ಫಿಲಿಪೀನ್ಸಿನ ಹೆಂಗಸು, ಮೊದಲು ಮುಖ ಗಂಟಿಕ್ಕಿದರು. ಹುಡುಗಿ ಸುತ್ತು ತಪ್ಪಿಸುವುದಿಲ್ಲ ಎಂದು ಕಂಡ ಮೇಲೆ ಸುಮ್ಮನಾದರು.

ಬೇರೆ ವಿಷಯದ ಟೀಚರುಗಳ ಹತ್ತಿರವೂ ನಾನೇ ಮಾತಾಡಿದೆ. ಅಭ್ಯಾಸ ಜೋರಿರುವ ವಾರ ಹೋಮ್‌ವರ್ಕ್ ಕಡಿಮೆ ಕೊಡಿ, ಮುಂದಿನ ವಾರ ಅವಳು ಸೇರಿಸಿ ಮಾಡುತ್ತಾಳೆ ಎಂದು ಕೇಳಿಕೊಂಡೆ. ಒಪ್ಪಿದರು. ಇದರಿಂದ ನನಗೆ ಸಂತೋಷವಾಯಿತು ಎಂದರೆ ಸುಳ್ಳಾಗುತ್ತದೆ. ಕೆಲಸ ಎದುರಿಗಿತ್ತು, ಮಾಡಿದೆ.

ದುಬೈಯಲ್ಲಿ ಒಂದು ಸ್ಪರ್ಧೆ ಬಂತು. ಅದೇ ವಾರ ಮಾಡೆಲ್ ಪರೀಕ್ಷೆ. ತಾಯಿ ಹೋಗಿ ಕೇಳಿದ್ದಕ್ಕೆ ಪ್ರಿನ್ಸಿಪಾಲರು ಸಾಧ್ಯವಿಲ್ಲ ಎಂದಿದ್ದರು. ಆಮೇಲೆ ನಾನು ಹೋದೆ. ಅವಳು ಬಂದ ಮೇಲೆ ಪರೀಕ್ಷೆ ಬರೆಯಲಿ, ಬೇರೆ ಪ್ರಶ್ನೆಪತ್ರಿಕೆ ನಾನು ಮಾಡುತ್ತೇನೆ, ಉಳಿದ ಟೀಚರುಗಳನ್ನೂ ಒಪ್ಪಿಸುತ್ತೇನೆ ಎಂದೆ. ಅವರು ನನ್ನ ಮುಖ ನೋಡಲಿಲ್ಲ, ಮೇಜಿನ ಮೇಲಿದ್ದ ಪೆನ್ನನ್ನು ಅತ್ತಿತ್ತ ಸರಿಸಿದರು. ಆಮೇಲೆ ಆಗಲಿ ಎಂದರು. ನಾನು ಏಳುವಾಗ, ಸರಿಯಾಗಿ ಊಟ ಮಾಡುತ್ತಿದ್ದೀರಾ ಎಂದು ಕೇಳಿದರು. ಒಪ್ಪಿಗೆ ಸಿಕ್ಕಿದ್ದು ಹುಡುಗಿಗಾಗಿ ಅಲ್ಲ, ಗಂಡ ಸತ್ತವಳಿಗೆ ಇಲ್ಲ ಎನ್ನಲಾಗದೆ ಎಂದು ಆಗ ಗೊತ್ತಾಯಿತು. ನಾಚಿಕೆ ಆಗಬೇಕಿತ್ತೇನೋ. ಆಗಲಿಲ್ಲ.

ದುಬೈಯಲ್ಲಿ ಅವಳು ಮೊದಲ ಜಿಗಿತದಲ್ಲೇ ಬಿದ್ದಳು. ಎದ್ದು ಕೊನೆಯವರೆಗೂ ಮಾಡಿದಳಂತೆ, ಆದರೆ ಹೆಸರು ಬಂದದ್ದು ಪಟ್ಟಿಯ ಕೆಳಗಿನ ಸಾಲಿನಲ್ಲಿ. ಫೋನಿನಲ್ಲಿ ಹೇಳುವಾಗ ತಾಯಿ ಅತ್ತರು. ಮರಳಿ ಬಂದ ಮರುದಿನವೇ ಹುಡುಗಿ ರಿಂಕಿಗೆ ಬಂದಳು. ತೊಡೆಯ ಬದಿ ದೊಡ್ಡದಾಗಿ ನೀಲಿಗಟ್ಟಿದೆ ಎಂದಳು. ತುಂಬಾ ನೋವಾಯಿತಾ ಎಂದು ಕೇಳಿದೆ.

“ಬೀಳುವಾಗ ಎಂತ ಆಗುದಿಲ್ಲ ಟೀಚರ್,” ಎಂದಳು ಲೇಸು ಬಿಗಿಯುತ್ತಾ. “ಮತ್ತೆ ರೂಮಿಗೆ ಹೋಗಿ ಬಿಸಿನೀರು ಹಾಕ್ತೇವಲ್ಲಾ, ಆಗ ಗೊತ್ತಾಗುದು.”

ನಾನು ಪುಸ್ತಕ ತೆರೆದೆ.

ಮಾಡೆಲ್ ಪರೀಕ್ಷೆಯನ್ನು ಅವಳು ಖಾಲಿ ಲೈಬ್ರರಿಯಲ್ಲಿ ಒಬ್ಬಳೇ ಕೂತು ಬರೆದಳು. ತುಟಿ ಅಲುಗುತ್ತಲೇ ಇತ್ತು. ಬೋರ್ಡ್ ಪರೀಕ್ಷೆಯಲ್ಲಿ ಗಣಿತಕ್ಕೆ ಬಂದ ಮಾರ್ಕು ಯಾರೂ ಹೊಗಳುವಷ್ಟಲ್ಲ, ಆದರೆ ಪಾಸು, ಒಳ್ಳೆಯ ಪಾಸು. ತಂದೆ ಮಾತು ಉಳಿಸಿಕೊಂಡರು. ಸ್ಕೇಟಿಂಗ್ ನಿಲ್ಲಲಿಲ್ಲ.

ಫಲಿತಾಂಶ ಬಂದ ದಿನ ತಾಯಿ ಮಗಳು ನನ್ನನ್ನು ಅದ್ಲಿಯಾದ ಒಂದು ಹೋಟೆಲಿಗೆ ಊಟಕ್ಕೆ ಕರೆದುಕೊಂಡು ಹೋದರು. ಹಿಂತಿರುಗಿ ನನ್ನ ಕಟ್ಟಡದ ಕೆಳಗೆ ಕಾರು ನಿಲ್ಲಿಸಿದಾಗ, ನನ್ನ ಪಕ್ಕ ಕೂತಿದ್ದ ಹುಡುಗಿ ಕೇಳಿದಳು:

“ಟೀಚರ್, ಸರ್‌ಗೆ ಎಂತ ಆದದ್ದು?”

ತಾಯಿ ಕನ್ನಡಿಯಲ್ಲಿ ಮಗಳನ್ನು ಗದರಿಸುವ ಹಾಗೆ ನೋಡಿದರು. ಅಷ್ಟು ತಿಂಗಳಲ್ಲಿ ನನ್ನ ಗಂಡನಿಗೆ ಏನಾಯಿತೆಂದು ಯಾರೂ ನನ್ನನ್ನು ಕೇಳಿರಲಿಲ್ಲ. ಆಫೀಸಿನಿಂದ ಇಳಿದು ಕಾರಿನ ಹತ್ತಿರ ಹೋಗುತ್ತಿದ್ದಾಗ ಬಿದ್ದರು ಎಂದೆ. ಸೆಕ್ಯೂರಿಟಿಯವನು ನೆರಳಿಗೆ ಎಳೆದು ಮಲಗಿಸಿದ ಎಂದೆ. ನಾನು ಆಸ್ಪತ್ರೆಗೆ ಹೋಗುವಾಗ ಬಟ್ಟೆ ಮುಚ್ಚಿ ಆಗಿತ್ತು, ಕಾಲಿನಲ್ಲಿ ಒಂದೇ ಶೂ ಇತ್ತು ಎಂದೆ. ಆಮೇಲೆ ಬೇರೆ ಬೇರೆ ಹೇಳಿದೆ, ಅವರಿಗೆ ಮೀನು ಸಾರು ಎಷ್ಟು ಹುಳಿ ಇರಬೇಕಿತ್ತು ಎಂಬುದನ್ನೂ. ಅಳು ಆಗಲೂ ಬರಲಿಲ್ಲ, ಗಂಟಲು ಒಣಗಿತು. ಹುಡುಗಿ ನೀರಿನ ಬಾಟಲಿಯ ಮುಚ್ಚಳ ತೆಗೆದು ಕೊಟ್ಟಳು. ತಾಯಿ ಕಾರಿನ ಎಂಜಿನ್ ಆಫ್ ಮಾಡಿ ನಮ್ಮ ಕಡೆ ತಿರುಗಿ ಕೂತರು.